ಮೂವತ್ತು ಹೂ ಹೆಚ್ಚು

ಮಣಿಪಾಲದ ಒಂದು ಆಸ್ಪತ್ರೆಯಲ್ಲಿ, ತಲೆಯ ಡಾಕ್ಟರರ ಕೋಣೆಯ ಹೊರಗೆ, ನನ್ನ ಎದುರು ಕೂತಿದ್ದವರು ಶಂಕರಪುರದ ಹೂ ಕಟ್ಟುವ ಅಮ್ಮ ಮತ್ತು ಅವರ ಹಾಕಿ ಆಟಗಾರ ಮಗ.

“ತಲೆಸುತ್ತು ಉಂಟು ಅಂತ ಡಾಕ್ಟರರಿಗೆ ಹೇಳಬೇಡ ಅಮ್ಮ.”

“ತಲೆಗೆ ಪೆಟ್ಟು ಬಿದ್ದದ್ದು ಇದು ನಾಲ್ಕನೇ ಸಲ ಮಾರಾಯ!”

“ಹೇಳಿದರೆ ಹಾಕಿ ಆಟವನ್ನೇ ಬಿಡು ಅಂತಾರೆ. ನಾನು ಸರಿ ಇದ್ದೇನೆ.”

“ಹೌದಾ? ಬೆಳಿಗ್ಗೆ ನೀನು ಎಣಿಸಿ ಕೊಟ್ಟ ಮಲ್ಲಿಗೆ ಚೆಂಡಿನಲ್ಲಿ ಎಷ್ಟು ಹೂ ಉಂಟು?”

“ಎಂಟುನೂರು. ಒಂದು ಚೆಂಡಿಗೆ ಯಾವಾಗಲೂ ಅಷ್ಟೇ ಅಲ್ವಾ?”

“ಎಂಟುನೂರ ಮೂವತ್ತು. ಒಂದನೇ ಕ್ಲಾಸಿನಲ್ಲಿ ಕೂಡ ನೀನು ಎಣಿಕೆ ತಪ್ಪಿದವನಲ್ಲ.”

“ಹೆಚ್ಚೇ ತಾನೇ? ತಗೊಂಡವರಿಗೆ ಖುಷಿ.”

“ಯಾರಿಗೂ ಕೊಡಲಿಲ್ಲ. ಡಾಕ್ಟರರೇ ಎಣಿಸಲಿ ಅಂತ ಚೀಲದಲ್ಲಿ ತಂದಿದ್ದೇನೆ.”

ಮಗ ಜೋರಾಗಿ ನಕ್ಕ. ಕೂಡಲೇ ಹಣೆ ಒತ್ತಿಕೊಂಡ.

“ಇಂಡಿಯಾ ಕ್ಯಾಂಪಿಗೆ ಹೋದವನನ್ನು ಒಂದು ಮಲ್ಲಿಗೆ ಚೆಂಡು ಆಟದಿಂದ ಹೊರಗೆ ಹಾಕಿತಲ್ಲ! ಇನ್ನು ನಾನು ಎಂತ ಮಾಡುವುದು?”

“ಮೊದಲು ಸರಿಯಾಗಿ ಎಣಿಸಲಿಕ್ಕೆ ಕಲಿ. ಮತ್ತೆ ನೋಡುವ.”

ನರ್ಸ್ ಬಂದು “ಹರ್ಷಿತ್” ಎಂದು ಕರೆದರು. ಇಬ್ಬರೂ ಎದ್ದರು.

“ಚೀಲ ಬಿಚ್ಚಬೇಡ ಅಮ್ಮ. ಎಲ್ಲ ನಾನೇ ಹೇಳ್ತೇನೆ. ಹೂ ನೀನು ಮುಡಿದುಕೋ.”

“ಮಾರುವ ಹೂವನ್ನು ನಾನು ಮುಡಿಯುವುದಾ?”

“ಆ ಹೆಚ್ಚಿನ ಮೂವತ್ತು ನಿನ್ನದೇ ಅಲ್ವಾ?”

ಒಳಗೆ ಹೋಗುವಾಗ ಅಮ್ಮನ ಕೈ ಚೀಲದೊಳಗೆ ಮೂವತ್ತು ಹೂ ಎಣಿಸುತ್ತಿತ್ತು.