ಶಿವಾಜಿನಗರಕ್ಕೆ ಜೊತೆಗೆ ಬಂದವಳು

ಕರೆಂಟು ಈಗಲೇ ಬರಲ್ಲ. ಹತ್ತಿರ ಬನ್ನಿ, ಇದು ಜೋರಾಗಿ ಹೇಳೋ ಮಾತಲ್ಲ. ಕತೆ ಅಂತಲೂ ಅನ್ಕೋಬೇಡಿ. ನಮ್ಮ ಚಿಕ್ಕಮ್ಮನ ಮಗಳು ಭಾರತಮ್ಮನಿಗೆ ಆದದ್ದು.

ಲಕ್ಕೂರಲ್ಲಿ ಬಸ್ಸಿಳಿದರೆ ಅವಳ ಗಂಡನ ಊರಿಗೆ ಹೊಲದ ನಡುವೆ ಒಂದೇ ದಾರಿ. ದಾರಿ ಪಕ್ಕ ಆಲದ ಮರ. ಮರದ ಬುಡದಲ್ಲಿ ಮೆಟ್ಟಿಲ ಬಾವಿ. ಕತ್ತಲಾದ ಮೇಲೆ ಗಂಡ ಹೆಂಡತಿ ಇಬ್ಬರೇ ಬರ್ತಿದ್ರು. ಭಾರತಮ್ಮ ಬಸುರಿ. ದಣಿವಾಗಿ ನಿಂತಳು. ಗಂಡನೂ ನಿಂತ. ಆದ್ರೆ ಹಿಂದೆ ಒಂದು ಸದ್ದು ಮಾತ್ರ ನಿಲ್ಲಲಿಲ್ಲ... ಚಪ್... ಚಪ್... ಒದ್ದೆ ಸೀರೆ ನೆರಿಗೆ ಕಾಲಿಗೆ ಬಡಿದ ಹಾಗೆ. ಬಿರು ಬೇಸಿಗೆ ಅದು. ಎಲ್ಲೂ ಒಂದು ಹನಿ ಮಳೆ ಬಿದ್ದಿರಲಿಲ್ಲ.

ಇರಿ. ಇದನ್ನ ಬೆಳಗ್ಗೆಯಿಂದ ಹೇಳಬೇಕು.

ಆರೇಳು ವರ್ಷ ಆಯ್ತು, ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇಸವಿ ಇರಬೇಕು. ಗಂಡ ಅಶ್ವತ್ಥಪ್ಪ ಇಟ್ಟಿಗೆ ಲಾರಿ ಡ್ರೈವರು. ಮಾಲೂರಿನ ಗೂಡುಗಳಿಂದ ಬೆಂಗಳೂರಿಗೆ ಲೋಡು ಹೊಡೀತಿದ್ದ. ಭಾರತಮ್ಮ ಅವನಿಗೆ ಎರಡನೆಯವಳು. ಮೊದಲನೆಯವಳು ಅಂಜಮ್ಮ. ಅವಳಿಗೆ ಒಂದೇ ಆಸೆ... ಬೆಂಗಳೂರು ಪೇಟೆ ನೋಡಬೇಕು. ಲಾರಿ ಹೊರಟಾಗೆಲ್ಲ ಕೇಳೋಳು. ‘ಮುಂದಿನ ಲೋಡಿಗೆ ಬರುವಂತೆ ಬಿಡು’ ಅನ್ನೋನು. ಒಂದಿನ ನೀರಿಗೆ ಹೋದೋಳು ಪಾಚಿ ಮೇಲೆ ಕಾಲಿಟ್ಟು ಜಾರಿದಳು, ಬದುಕಿ ಬರಲಿಲ್ಲ. ಅದೇ ಬಾವಿ.

ಭಾರತಮ್ಮನ ಸೀಮಂತ ಬಂತು. ಬಳೆ, ಸೀರೆ ತರೋಣ ಅಂತ ಇಬ್ಬರೂ ಮಾಲೂರಲ್ಲಿ ರೈಲು ಹತ್ತಿ, ದಂಡು ಸ್ಟೇಷನ್ನಲ್ಲಿ ಇಳಿದು ಶಿವಾಜಿನಗರಕ್ಕೆ ಹೋದ್ರು. ಇವಳು ಮೊದಲ ಸಲ ನೋಡ್ತಿರೋದು. ಒಂದು ಗಲ್ಲಿಯಲ್ಲಿ ಉರ್ದು, ಮುಂದಿನದರಲ್ಲಿ ತಮಿಳು, ಮೂಲೆಯಲ್ಲಿ ತೆಲುಗು. ಕಬಾಬಿನ ಹೊಗೆ ಒಂದು ಕಡೆ, ಇಗರ್ಜಿ ಗಂಟೆ ಒಂದು ಕಡೆ, ಪಂಜರದಲ್ಲಿ ಕಿರುಚೋ ಗಿಳಿಗಳು. ಅವಳಿಗೆ ಬರೋದು ಕನ್ನಡ, ತೆಲುಗು ಅಷ್ಟೇ. ಅಶ್ವತ್ಥಪ್ಪನಿಗೆ ಎಲ್ಲಾ ಬರೋದು.

ಬಳೆ ಅಂಗಡಿ ಸಾಬರು ಇವಳ ಕೈ ಹಿಡಿದು ಹಸಿರು ಬಳೆ ಏರಿಸ್ತಾ, ಇವಳ ಭುಜದ ಆಚೆ ನೋಡಿ, “ಉನ್ಕೂ ನಕ್ಕೋ ಕ್ಯಾ?” ಅಂದ್ರು.

“ಏನಂತೆ?” ಅಂದಳು.

“ಬೇಗ ಆಯ್ಕೋಬೇಕಂತೆ,” ಅಂದ ಅಶ್ವತ್ಥಪ್ಪ. ಮುಖ ಮಾತ್ರ ಬಿಳಿಚಿಕೊಂಡಿತ್ತು. ಸಾಬರು ಕೇಳಿದ್ದು ‘ಅವರಿಗೆ ಬೇಡ್ವಾ’ ಅಂತ.

ಹೂವಿನ ತಮಿಳಮ್ಮ ಒಂದು ಮೊಳ ಅಳೆದು ಕತ್ತರಿಸಿದಳು. ಕೇಳದೇ ಇನ್ನೊಂದು ಮೊಳ ಅಳೆದಳು. “ಅಂದ ಅಮ್ಮಾವುಕ್ಕು?”, ಆ ಅಮ್ಮನಿಗೆ ಅಂತ, ಇವಳ ಪಕ್ಕಕ್ಕೆ ಕೈ ನೀಡಿದಳು. ಅಶ್ವತ್ಥಪ್ಪ ಹೆಂಡತಿಯ ರಟ್ಟೆ ಹಿಡಿದು ಎಳಕೊಂಡು ನಡೆದ. ಅವಳಿಗೆ ಗಂಡನ ಸಿಡುಕು ಅನಿಸಿತು. ಬೇರೇನೂ ಹೊಳೀಲಿಲ್ಲ.

ಆಮೇಲೆ ಫುಟ್‌ಪಾತಲ್ಲಿ ಕಟ್‌ಪೀಸ್ ಮಾರೋ ಒಬ್ಬ ತೆಲುಗು ಅಜ್ಜಿ, ಬಸುರಿ ಅಂತ ಕರೆದು ಸ್ಟೂಲು ಕೊಟ್ಟಳು. ಭಾರತಮ್ಮ ಕೂತಳು. ಅಜ್ಜಿ ಮೆತ್ತಗೆ, “ನುವ್ವೊಕ್ಕತೇ ಕೂಸುಂಟೇ ಎಟ್ಲಮ್ಮಾ... ಪಾಪಂ, ಮೀ ಅಕ್ಕ ತಡಿ ಕೋಕತೋ ನಿಲುಚುಕೊನುಂದಿ” ಅಂದಳು.

ಇದು ಅವಳಿಗೆ ಅರ್ಥವಾಯ್ತು. ನೀನೊಬ್ಬಳೇ ಕೂತರೆ ಹೆಂಗಮ್ಮ, ನಿಮ್ಮಕ್ಕ ಒದ್ದೆ ಸೀರೇಲಿ ನಿಂತಿದ್ದಾಳೆ.

ತಿರುಗಿ ನೋಡಿದಳು. ಜನವೋ ಜನ. ತನ್ನ ಪಕ್ಕದಲ್ಲಿ ಯಾರೂ ಇಲ್ಲ. ಆದ್ರೆ ಬಿಸಿಲಿಗೆ ಕಾದ ಚಪ್ಪಡಿ ಮೇಲೆ... ಎರಡು ಒದ್ದೆ ಪಾದದ ಗುರುತು. ನೋಡ್ತಿದ್ದ ಹಾಗೇ ಆರಿಹೋದವು.

ಸೀರೆ ತಗೊಳ್ಳಲೇ ಇಲ್ಲ. ವಾಪಸ್ ರೈಲಲ್ಲಿ ಜನ ಕಾಲಿಡೋಕೆ ಜಾಗ ಇಲ್ಲದಂತೆ ನಿಂತಿದ್ರು. ಇವಳ ಪಕ್ಕ ಒಬ್ಬರು ಕೂರೋ ಜಾಗ ಹಾಗೇ ಖಾಲಿ ಇತ್ತು. ಮಾಲೂರಿನವರೆಗೂ ಒಬ್ಬರೂ ಅಲ್ಲಿ ಕೂರಲಿಲ್ಲ. ಭಾರತಮ್ಮ ಹೊಟ್ಟೆ ಮೇಲೆ ಎರಡೂ ಕೈ ಇಟ್ಕೊಂಡು ಕಿಟಕಿ ಕಡೆ ಮುದುಡಿ ಕೂತಿದ್ದಳು. ಅಶ್ವತ್ಥಪ್ಪ ತಲೆ ಎತ್ತಲಿಲ್ಲ.

ಹಂಗೇ ಲಕ್ಕೂರಲ್ಲಿ ಬಸ್ಸಿಳಿದು ಬಂದೋರು ಕಣ್ರೀ, ಆ ಆಲದ ಮರದ ಹತ್ತಿರ.

ಚಪ್... ಚಪ್...

“ತಿರುಗಬೇಡ. ನಡಿ,” ಅಂತ ಪಿಸುಗುಟ್ಟಿದ.

“ಯಾರದು?”

“ನಡಿ ಅಂದೆ.”

“ಅಕ್ಕಾನೇ ಅಲ್ವಾ?”

ಅವನ ಹಲ್ಲು ಕಟಕಟ ಅಂತಿತ್ತು. ಇವಳಿಗೂ ಭಯ, ಇಲ್ಲ ಅಂತಲ್ಲ. ಹೊಟ್ಟೆಯಲ್ಲಿ ಕೂಸು ಆವತ್ತು ಮಧ್ಯಾಹ್ನದಿಂದ ಒಂದು ಸಲವೂ ಮಿಸುಕಿರಲಿಲ್ಲ. ಅದೇ ಅವಳಿಗೆ ಧೈರ್ಯ ಕೊಟ್ಟಿತು ಅಂತಾಳೆ. ಹೀಗೇ ಮನೆ ಹೊಸಿಲು ದಾಟಿದರೆ ಅಕ್ಕನೂ ಜೊತೆಗೆ ದಾಟ್ತಾಳೆ ಅನ್ನಿಸಿತಂತೆ.

“ನೀವೇ ಹೇಳಿ,” ಅಂದಳು ಗಂಡನಿಗೆ. “ನಾನು ಹೇಳಿದ್ರೆ ಹೋಗಲ್ಲ.”

“ಏನ್ ಹೇಳ್ಲಿ?”

“ಪೇಟೆಗೆ ಕರ್ಕೊಂಡು ಹೋದೋರು ವಾಪಸ್ ಬಂದಾಗ ಏನ್ ಹೇಳ್ತಾರೋ ಅದು.”

 ಹಿಂದೆ ಆ ಸದ್ದು ನಿಂತಿತ್ತು. ಬರೀ ನೀರು ತೊಟ್ಟಿಕ್ಕೋದು... ತೊಟ್... ತೊಟ್... ಮಣ್ಣಿನ ಮೇಲೆ. ಕೊನೆಗೆ ಅಶ್ವತ್ಥಪ್ಪ, ತಿರುಗದೇನೇ, ಗಂಟಲಲ್ಲೇ ಹೇಳಿದ.

“ಅಂಜಾ... ಊರು ಬಂತು ಕಣೇ. ಇಳ್ಕೋ.”

ಗಾಳಿ ಇರಲಿಲ್ಲ. ಬಾವಿ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸ್ತು. ಒಂದೊಂದೇ, ಆತುರ ಇಲ್ಲದೆ. ಪೇಟೆ ಸುತ್ತಿ ದಣಿದೋರು ಇಳಿಯೋ ಹಾಗೆ. ಕೆಳಗೆ ನೀರು ಒಂದೇ ಸಲ ಬುಳುಕ್ ಅಂತು. ಅಷ್ಟೇ. ಅಶ್ವತ್ಥಪ್ಪ ದಾರಿ ಮಧ್ಯೆಯೇ ಕುಕ್ಕರಿಸಿ ಕೂತು, ಮಗು ಥರ ಅತ್ತನಂತೆ. ಭಾರತಮ್ಮನ ಹೊಟ್ಟೆಯಲ್ಲಿ ಕೂಸು ಒದೀತು.

ಹೆಣ್ಣು ಕೂಸು ಹುಟ್ತು. ಗಟ್ಟಿಮುಟ್ಟಾಗೇ ಇದೆ, ಈಗ ಸ್ಕೂಲಿಗೆ ಹೋಗ್ತಿದೆ. ಅಶ್ವತ್ಥಪ್ಪ ಬೆಂಗಳೂರು ಲೋಡು ಬಿಟ್ಟು ಮುಳಬಾಗಿಲು ಕಡೆ ಹೊಡೀತಾನೆ.

ನೀವು ನಂಬಿ, ಬಿಡಿ. ಸೀಮಂತಕ್ಕೆ ನಾನೂ ಹೋಗಿದ್ದೆ. ಅಡಿಗೆಗೆ ನೀರು ತಂದವಳು ನಾನೇ, ಆ ಬಾವಿಯಿಂದಲೇ. ಬಿಂದಿಗೆ ಮುಳುಗಿಸಿ ಎತ್ತಿದಾಗ ಗಮ್ ಅಂತು. ಅತ್ತರಿನ ವಾಸನೆ. ಶಿವಾಜಿನಗರದ ಗಲ್ಲಿಗಳಲ್ಲಿ ಪುಟ್ಟ ಶೀಸೇಲಿ ಮಾರ್ತಾರಲ್ಲ, ಅದೇ. ಅವರಿಬ್ಬರೂ ಅದನ್ನ ಕೊಂಡಿರಲಿಲ್ಲ, ಕೇಳಿದ್ದೀನಿ. ಅವತ್ತು ಮುದ್ದೆಯಲ್ಲೂ ಅದೇ ವಾಸನೆ. ನಾನು ಉಂಡಿದ್ದೀನಿ.