ಸಡಿಲ ಗಂಟು

ಬನಹಟ್ಟಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಒಬ್ಬ ಮುದುಕಿಯೂ ಅವಳ ತಂಗಿಯ ಮಗಳೂ ಕೂತಿದ್ದರು. ಹುಡುಗಿಯ ಮೊಬೈಲಿನಲ್ಲಿ ಹಳೆಯ ಹಾಸ್ಯನಟನೊಬ್ಬ ಸಂದರ್ಶನ ಕೊಡುತ್ತಿದ್ದ. ಮುದುಕಿ ಆ ಕಡೆ ನೋಡಲೂ ಇಲ್ಲ.

“ದೊಡ್ಡವ್ವ, ನಮ್ಮೂರಾಗ ತೆಗೆದ ಪಿಚ್ಚರ್ ಬಗ್ಗೆ ಹೇಳಾಕತ್ತಾನ. ಹೆಣ್ಣಿನ ವೇಷದಾಗ ಓಡುವಾಗ ಸೀರಿ ಬಿಚ್ಚಿ ಬೀಳತೈತಲ್ಲ, ಅದು ತಂದs ಐಡಿಯಾ ಅಂತಾನ.”

“ಅವನ ತಲ್ಯಾಗ ಐಡಿಯಾ ಎಲ್ಲಿಂದ ಬರಬೇಕು? ಒಂದು ನಿರಿಗಿ ಹಿಡಿಯಾಕ ಬರ್ತಿರಲಿಲ್ಲ ಅವಗ.”

“ಮತ್ತ ಸೀರಿ ಉಡಿಸಿದವರು ಯಾರು?”

“ನಾನs. ದಿನಾ ಮುಂಜಾನೆ ಮಗ್ಗ ಬಿಟ್ಟು ಹೋಗಿ ಉಡಸ್ತಿದ್ನಿ. ಒಂದಿನ ಎಲ್ಲಾರ ಮುಂದ ಮೂಗು ಮುಚ್ಚಿಕೊಂಡ. ನೂಲಿಗೆ ಗಂಜಿ ಹಾಕೋ ಕೈ, ನಾತ ಬಡೀತೈತಿ, ದೂರ ನಿಂತು ಉಡಸು ಅಂದ.”

“ದೂರ ನಿಂತು ಹೆಂಗ ಉಡಸೋದು?”

“ಹಂಗs ಉಡಿಸಿದ್ನಿ. ಸೊಂಟದ ಗಂಟು ಸಡ್ಲ ಬಿಟ್ನಿ.”

ಹುಡುಗಿ ಮೊಬೈಲ್ ಕೆಳಗಿಳಿಸಿದಳು.

“ಬೇಕಂತನ?”

“ಮತ್ತೇನು! ಊರ ಮಂದಿ ಮುಂದ ಅವನ ಮಾನ ಹೋಗಲಿ ಅಂತ. ಸೀರಿ ಹಿಡಕೊಂಡು ಎದ್ದುಬಿದ್ದು ಓಡಿದ. ಆ ಮುಖದಾಗಿನ ಗಾಬರಿ ನಟನಾ ಅಲ್ಲವ್ವ, ಖರೇ ಗಾಬರಿ.”

“ಅದನ್ನ ನೋಡೇ ಇವತ್ತಿಗೂ ಮಂದಿ ಹೊಟ್ಟಿ ಹಿಡಕೊಂಡು ನಗತಾರ, ದೊಡ್ಡವ್ವ. ಅವಗ ಪ್ರಶಸ್ತಿ ಬಂದದ್ದೂ ಅದಕ್ಕs ಅಂತ.”

ಅಷ್ಟರಲ್ಲಿ ಜಮಖಂಡಿ ಬಸ್ಸು ಬಂತು. ಮುದುಕಿ ಎದ್ದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ಹೇಳಿದಳು:

“ಥೂ! ಗೊತ್ತಿದ್ರ ಗಟ್ಟಿ ಕಟ್ಟತಿದ್ನಿ.”