ಎಲ್ಲರ ಜುಟ್ಟೂ ಒಂದೇ ಕೈಯಲ್ಲಿ

…ನಗು ಅಕ್ಕ, ನಗು! ನಿನ್ನ ಗಂಡ ಈಗ ಫೋಟೋ ಸ್ಟುಡಿಯೋದಲ್ಲಿ ಇಂಗು ತಿಂದ ಮಂಗನ ಹಾಗೆ ಕೂತಿರ್ತಾರೆ. ಇ-ಮೇಲ್ ತೆಗೆದ್ರೆ ಮೇಲ್ ಇಲ್ಲ, ಗಿರಾಕಿಗಳ ವಿಳಾಸ ತೆಗೆದ್ರೆ ವಿಳಾಸ ಇಲ್ಲ, ಆಲ್ಬಂ ತೆಗೆದ್ರೆ… ಬರೀ ಬಿಳೀ ಪರದೆ!

ಏನು ಮಾಡಿದೆ ಅಂದ್ರೆ? ಸರ್ವರ್ ನಿಲ್ಲಿಸಿದೆ, ಅಷ್ಟೇ. ಮೊದಲು ಒಂದೊಂದು ಪ್ರೋಗ್ರಾಮೂ ತನ್ನದೇ ಡೇಟಾಬೇಸ್ ಇಟ್ಕೊಂಡು, ಒಂದೇ ಮನೇಲಿ ಹತ್ತು ಒಲೆ ಹಚ್ಚಿದ ಹಾಗೆ ಹೊಗೆ ಹಾಕ್ತಿತ್ತು. ಕಂಪ್ಯೂಟರ್ ತೆವಳ್ತಿತ್ತು. ಎಲ್ಲಾ ಮಾಹಿತೀನೂ ಒಂದೇ ಸರ್ವರ್‌ಗೆ ತಂದವಳು ಯಾರು? ನಾನು! ಭಾವ ಗಿರಾಕಿಗಳ ಮುಂದೆ ಏನಂದ್ರು ಗೊತ್ತಾ? "ಇದೆಲ್ಲಾ ನನ್ನ ತಮ್ಮನ ತಲೆ." ತಮ್ಮ! ಅವನಿಗೆ ಪ್ಲಗ್ ಯಾವುದು, ಸ್ವಿಚ್ ಯಾವುದು ಗೊತ್ತಿಲ್ಲ! ಅವನನ್ನ ನನ್ನ ಕುರ್ಚೀಲಿ ಕೂರಿಸಿ ನನಗೆ ಹೇಳ್ತಾರೆ, "ನೀನಿನ್ನು ಮನೇಲಿ ಅಮ್ಮನ್ನ ನೋಡ್ಕೋ." ಹೊಟ್ಟೆ ಉರಿದುಹೋಯ್ತು ಕಣೇ! ಎಲ್ಲರ ಜುಟ್ಟೂ ಒಂದೇ ಕೈಯಲ್ಲಿದೆ, ಆ ಕೈ ನಂದು ಅನ್ನೋದನ್ನ ಮರೆತ್ರು. ಅನುಭವಿಸ್ಲಿ!

ಯಾಕೆ ನಗು ನಿಂತಿತು? ಗಂಡನ ಮೇಲೆ ಕನಿಕರ ಉಕ್ಕಿ ಬಂತಾ?

ಅಮ್ಮನ ಆಲ್ಬಮ್ಮಾ… ಅಯ್ಯೋ, ಹುಚ್ಚಿ, ಫೋಟೋಗಳು ಎಲ್ಲೂ ಹೋಗಲ್ಲ. ಅವು ನಿನ್ನ ಲ್ಯಾಪ್‌ಟಾಪಲ್ಲೇ ಇವೆ. ಸರ್ವರಲ್ಲಿ ಇದ್ದಿದ್ದು ಬರೀ… ಬರೀ ಹೆಸರುಗಳು. ನಮಗೂ ಗೊತ್ತಿಲ್ಲದ ಹಳೇ ಮುಖಗಳು ಯಾರ್ಯಾರದು ಅಂತ. ಅಮ್ಮಂಗೆ ಮರೆವು ಶುರುವಾದಾಗ ನೀನು ಪಕ್ಕ ಕೂತು, ಕೇಳಿ ಕೇಳಿ ಬರೆದಿದ್ಯಲ್ಲ…

ನಿನ್ನ ಲ್ಯಾಪ್‌ಟಾಪನ್ನೂ ಅದೇ ಸರ್ವರ್‌ಗೆ ನಾನೇ ಜೋಡಿಸಿದ್ದೆ, ಅಲ್ವಾ? ಜಂಭ ನನಗೆ! ಮನೇದೂ ಅಲ್ಲೇ ಇರ್ಲಿ, ಸ್ಟುಡಿಯೋದೂ ಅಲ್ಲೇ ಇರ್ಲಿ ಅಂತ…

ಯಾಕೆ ಲ್ಯಾಪ್‌ಟಾಪನ್ನ ನನ್ನ ಮುಂದೆ ತಳ್ತೀಯ? ಮತ್ತೆ ಚಾಲೂ ಮಾಡ್ತೀನಿ ಬಿಡು. ಆಮೇಲೆ. ಹೌದು, ಬೇರೆ ಡಿಸ್ಕಲ್ಲಿ ಇನ್ನೊಂದು ಪ್ರತಿ ಇತ್ತು. ಇತ್ತು… ಹಾಗೆ ನೋಡಬೇಡ ಅಕ್ಕ! ಬೈದಾದ್ರೂ ಬಿಡು!

…ಚಾಲೂ ಮಾಡಿದ್ರೂ ಬರಲ್ಲ ಕಣೇ. ನಾನು ಬರೀ ನಿಲ್ಲಿಸಲಿಲ್ಲ. ಎಲ್ಲಾ ಅಳಿಸಿಹಾಕಿದೆ. ಆ ಪ್ರತೀನೂ ಸೇರಿಸಿ. ಭಾವಂಗೆ ಏನೂ ಉಳೀಬಾರದು ಅಂತ… ಅಮ್ಮಂದು ನೆನಪೇ ಆಗ್ಲಿಲ್ಲ. ಆಣೆಗೂ ಆಗ್ಲಿಲ್ಲ.

ಅಮ್ಮ ಕರೀತಿದಾರೆ. ಫೋಟೋ ನೋಡೋ ಹೊತ್ತು… ಈಗ ಅವರು ಬೆರಳಿಟ್ಟು, "ಇವರ್ಯಾರೇ?" ಅಂದ್ರೆ ನಾನು ಏನು ಹೇಳ್ಲಿ, ಅಕ್ಕ?